ಮೋಲ್ಡ್ ಹಾಕಿದ ದಿನ, ಎರಡು ಸೈಟುಗಳಲ್ಲಿ

ಒಂದೇ ದಿನ ಎರಡು ಕಟ್ಟಡಗಳಲ್ಲಿ ಮೋಲ್ಡ್ (ಕಾಂಕ್ರೀಟ್ ಚಾವಣಿ) ಹಾಕುವುದನ್ನು ನೋಡಿದೆ. ಎರಡೂ ಕಡೆ ಸುಮಾರು 100 ಚದರ ಮೀಟರ್ ವಿಸ್ತಾರ, 125 ಮಿ.ಮೀ. ದಪ್ಪ. ಅಂದರೆ ಹನ್ನೆರಡೂವರೆ ಘನ ಮೀಟರ್ ಕಾಂಕ್ರೀಟು, ಹತ್ತಿರ ಹತ್ತಿರ 100 ಚೀಲ ಸಿಮೆಂಟು. ಒಂದು ಚೀಲದ ಮಿಕ್ಸರ್‌ನಲ್ಲಿ ಇದು 100 ಸಲ ತಿರುಗಬೇಕು. ಒಂದೊಂದಕ್ಕೆ ನಾಲ್ಕೈದು ನಿಮಿಷ ಹಿಡಿದರೂ ಏಳೆಂಟು ಗಂಟೆಯ ಕೆಲಸ. ನಡುವೆ ಹಾಳಾಗುವ ಅರ್ಧ ಗಂಟೆಯನ್ನು ಮತ್ತೆ ಗಳಿಸುವುದು ಕಷ್ಟ.

ಮೊದಲ ಸೈಟಿನಲ್ಲಿ ತಪಾಸಣೆ ಹಿಂದಿನ ಸಂಜೆಯೇ ಮುಗಿದಿತ್ತು. ಸೆಂಟ್ರಿಂಗ್ ಹಲಗೆಗಳ ಸಂದು ಮುಚ್ಚಿದ್ದರು, ವೈರಿಂಗ್ ಪೈಪುಗಳನ್ನು ಕಂಬಿಗೆ ಕಟ್ಟಿದ್ದರು, ಕಂಬಿ ಹಲಗೆಗೆ ತಾಗದಂತೆ ಅದರಡಿ 20 ಮಿ.ಮೀ. ಕವರ್ ಬ್ಲಾಕ್ ಇಟ್ಟಿದ್ದರು. ಬೀಮಿನ ಮೇಲೆ ಹಾದುಹೋಗುವ ಮೇಲುಕಂಬಿ ಕುಸಿಯದಂತೆ ಕೆಳಗೆ ಬಗ್ಗಿಸಿದ ಕಂಬಿಯ ಆಸರೆಗಳು, ಅಂದರೆ ಚೇರ್‌ಗಳಿದ್ದವು. ಕಾಂಕ್ರೀಟನ್ನು ಅದುರಿಸಿ ಗಟ್ಟಿಯಾಗಿ ಕೂರಿಸುವ ವೈಬ್ರೇಟರ್ ಎರಡು, ಒಂದು ಕೆಟ್ಟರೆ ಇನ್ನೊಂದು. ಮಿಕ್ಸರ್, ಮಾಲು ಮೇಲೇರಿಸುವ ಲಿಫ್ಟಿನ ಬುಡದಲ್ಲೇ ಇತ್ತು. ಅದರ ಒಂದು ಬದಿಗೆ ಮರಳು, ಇನ್ನೊಂದು ಬದಿಗೆ ಜಲ್ಲಿ, ಹಾಗಾಗಿ ಹೊರುವವರು ಒಬ್ಬರಿಗೊಬ್ಬರು ಅಡ್ಡ ಬರುತ್ತಿರಲಿಲ್ಲ. ಅಳತೆಗೆ 35 ಲೀಟರಿನ ಪೆಟ್ಟಿಗೆ: ಚೀಲಕ್ಕೆ ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ ಜಲ್ಲಿ. ಮರಳು ಹಸಿಯಾಗಿದ್ದರೆ ಉಬ್ಬಿ ನಿಲ್ಲುತ್ತದೆ, ಪೆಟ್ಟಿಗೆ ತುಂಬಿದರೂ ಒಳಗಿನ ಮರಳು ಕಡಿಮೆಯೇ. ಅದಕ್ಕೆ ಸ್ವಲ್ಪ ಹೆಚ್ಚು ಮರಳು ಹಾಕಿ, ನೀರು ಇಳಿಸಿದರು. ನೀರಿಗೆ ಗೆರೆ ಎಳೆದ ಒಂದು ಡಬ್ಬ, ಅದನ್ನು ಹಿಡಿಯಲು ಒಬ್ಬನೇ ಆಳು. ಚೀಲಕ್ಕೆ 25 ಲೀಟರ್, ಮರಳಿನ ತೇವವೂ ಸೇರಿ.

ಎರಡನೆಯದರಲ್ಲಿ ಬೆಳಗ್ಗೆ ಒಂಬತ್ತಾದರೂ ಎಲೆಕ್ಟ್ರಿಷಿಯನ್ ಇನ್ನೂ ಪೈಪು ಹಾಸುತ್ತಿದ್ದ. ಅವನೂ ಸಹಾಯಕರೂ ಓಡಾಡಿದಲ್ಲೆಲ್ಲ ಮೇಲುಕಂಬಿ ಕೆಳಗಿಳಿದು ತಳದ ಕಂಬಿಗೆ ಅಂಟಿಕೊಂಡಿತು. ಬೀಮಿನ ಮೇಲೆ ಎಳೆತ ಬರುವುದು ಮೋಲ್ಡಿನ ಮೇಲ್ಭಾಗದಲ್ಲಿ. ಕಂಬಿ ಅಲ್ಲಿಲ್ಲದಿದ್ದರೆ ಬೀಮಿನುದ್ದಕ್ಕೆ ಬಿರುಕು ಮೂಡುತ್ತದೆ. ಜಲ್ಲಿ ರಾಶಿ ಕಟ್ಟಡದ ಆಚೆ ಬದಿಗಿತ್ತು, ಮಿಕ್ಸರ್ ಈಚೆ. ಕೆಲಸ ಶುರುವಾಗಿದ್ದು ಹನ್ನೊಂದಕ್ಕೆ. ಮಧ್ಯಾಹ್ನ ಇದ್ದೊಂದು ವೈಬ್ರೇಟರ್ ನಿಂತಿತು. ಕಲಸಿದ ಮಾಲು ಬಿಸಿಲಲ್ಲಿ ಕಾಯುತ್ತಾ ಬಿಗಿಯಾಯಿತು. ಬಿಗಿಯಾದದ್ದನ್ನು ಹರಡಲಾಗದೆ ಆಳುಗಳು ಬಕೆಟ್ಟಿನಲ್ಲಿ ನೀರು ಸುರಿದರು. ಚೀಲಕ್ಕೆ ಹತ್ತು ಲೀಟರ್ ಹೆಚ್ಚಾದರೆ ನೀರು-ಸಿಮೆಂಟಿನ ಅನುಪಾತ 0.5ರಿಂದ 0.7ಕ್ಕೆ ಏರುತ್ತದೆ, ಬಲ ದೊಡ್ಡ ಪ್ರಮಾಣದಲ್ಲಿ ಬೀಳುತ್ತದೆ.

ಇಂಥಲ್ಲಿ ನೀರು ಸುರಿದವನನ್ನು ಬೈಯುವುದು ರೂಢಿ. ನನಗೆ ಅದು ಅನ್ಯಾಯವೆಂದೇ ಅನಿಸುತ್ತದೆ. ಜಲ್ಲಿಯನ್ನು ಆಚೆ ಬದಿಗೆ ಇಳಿಸಿಕೊಂಡ ದಿನವೇ, ಎಲೆಕ್ಟ್ರಿಷಿಯನ್‌ಗೆ ದಿನ ಗೊತ್ತುಮಾಡದೆ ಬಿಟ್ಟಾಗಲೇ ಆ ಬಕೆಟ್ ತುಂಬಿತ್ತು.

ಕತ್ತಲಾದಾಗ ಅಲ್ಲಿ ಕಾಲು ಭಾಗ ಉಳಿದಿತ್ತು. ನಿಲ್ಲಿಸಲೇಬೇಕಾದರೆ ಎರಡು ಬೀಮುಗಳ ನಡುವಿನ ಭಾಗದಲ್ಲಿ ಹಲಗೆ ನಿಲ್ಲಿಸಿ, ನೆಟ್ಟಗೆ ಅಂಚು ಕಟ್ಟಿ ನಿಲ್ಲಿಸಬೇಕು. ಇವರು ಬೀಮಿನ ಪಕ್ಕದಲ್ಲೇ ಇಳಿಜಾರಾಗಿ ಬಿಟ್ಟರು. ಮಳೆನೀರು ಸೋರುವುದು ಅಲ್ಲೇ.

ಕಾಂಕ್ರೀಟಿನ ಬಲ ಪರೀಕ್ಷಿಸಲು ಎರಡೂ ಕಡೆ 150 ಮಿ.ಮೀ. ಕ್ಯೂಬುಗಳನ್ನು ತುಂಬಿದ್ದರು. ಮೊದಲ ಸೈಟಿನವರು ಬೆಳಗ್ಗೆ, ಮಧ್ಯಾಹ್ನ, ಸಂಜೆಯ ಮಾಲಿನಿಂದ ತೆಗೆದು ಹೊತ್ತು ಬರೆದಿಟ್ಟರು. ಎರಡನೆಯವರು ಮೂರನ್ನೂ ಬೆಳಗಿನ ಮೊದಲ ಮಿಕ್ಸಿನಿಂದಲೇ ತುಂಬಿದ್ದರು. 28 ದಿನಗಳ ನಂತರ ಅವರ ವರದಿಯೂ ಚೆನ್ನಾಗಿಯೇ ಬರಬಹುದು. ಮಧ್ಯಾಹ್ನದ ನೀರು ಅದರಲ್ಲಿ ಕಾಣುವುದಿಲ್ಲ.