ಲೇಲ್ಯಾಂಡ್ ಅನ್ನೋದು ಒಂದು ಊರು

ನಾನು ಓದಲು ಕಲಿತ ಮೊದಲ ಇಂಗ್ಲಿಷ್ ಪದ ಲೇಲ್ಯಾಂಡ್. ಅಪ್ಪ ಓಡಿಸುತ್ತಿದ್ದ ಲಾರಿಯ ಮೂತಿಯ ಮೇಲೆ ಅದು ದಪ್ಪ ಅಕ್ಷರದಲ್ಲಿತ್ತು. ತಿಪಟೂರಿನ ನಮ್ಮ ಮನೆ ಮುಂದೆ ಗಾಡಿ ನಿಂತಾಗಲೆಲ್ಲ ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದೆ. ಘಾಟಿಯ ಕೆಂಪು ಮಣ್ಣು ಬೆರಳಿಗೆ ಅಂಟುತ್ತಿತ್ತು. ಅಶೋಕ ಲೇಲ್ಯಾಂಡ್ ಅನ್ನುವುದರಲ್ಲಿ ಅಶೋಕ ಅಂದರೆ ಯಾರೋ ಒಬ್ಬರು, ಲೇಲ್ಯಾಂಡ್ ಅವರ ಮನೆತನದ ಹೆಸರು ಅಂದುಕೊಂಡಿದ್ದೆ. ಮೊದಲರ್ಧ ನಿಜವೇ ಆಗಿತ್ತು. ಕಂಪನಿ ಕಟ್ಟಿದ ರಘುನಂದನ್ ಸರಣ್ ಅವರ ಮಗನ ಹೆಸರು ಅಶೋಕ.

ಉಳಿದರ್ಧ ತಿಳಿದಿದ್ದು ಕೆಲಸದ ಮೇಲೆ ಇಂಗ್ಲೆಂಡಿನ ಪ್ರೆಸ್ಟನ್‌ಗೆ ಬಂದ ಮೇಲೆ. ಎಂ6 ಹೆದ್ದಾರಿಯ 28ನೇ ಜಂಕ್ಷನ್ ಹತ್ತಿರ ನೀಲಿ ಬೋರ್ಡಿನ ಮೇಲೆ ಆ ಪದ ಕಂಡಿತು. ಮನೆಗೆ ಬಂದವಳೇ ಊರಿಗೆ ಫೋನ್ ಮಾಡಿದೆ.

"ಅಪ್ಪಾ, ಲೇಲ್ಯಾಂಡ್ ಅನ್ನೋದು ಒಂದು ಊರು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಊರಾ? ಹಂಗಾದ್ರೆ ಒಂದ್ಸಲ ನೋಡ್ಬೇಕಲ್ಲ ಕಣಮ್ಮ" ಅಂದರು.

ಹೋದ ಬೇಸಿಗೆಯಲ್ಲಿ ಅಪ್ಪ ಬಂದರು. ಲಂಡನ್ ತೋರಿಸುತ್ತೇನೆ ಅಂದರೆ ಆಮೇಲೆ ನೋಡೋಣ ಅಂದರು. ಒಂದು ಶನಿವಾರ ಬೆಳಗ್ಗೆ ಲೇಲ್ಯಾಂಡ್‌ಗೇ ಹೊರಟೆವು.

ಅಲ್ಲಿ ಕಿಂಗ್ ಸ್ಟ್ರೀಟ್‌ನಲ್ಲಿ ಲಾರಿ, ಬಸ್ಸುಗಳದ್ದೇ ಒಂದು ಮ್ಯೂಸಿಯಂ ಇದೆ. ಲೇಲ್ಯಾಂಡ್ ಕಾರ್ಖಾನೆಯ ಹಳೇ ಕಟ್ಟಡದಲ್ಲೇ 1983ರಲ್ಲಿ ಶುರುವಾಗಿದ್ದು. ಪೋಪ್ ಎರಡನೇ ಜಾನ್ ಪಾಲ್ 1982ರಲ್ಲಿ ಬ್ರಿಟನ್‌ಗೆ ಬಂದಾಗ ಅವರಿಗಾಗಿ ಲಾರಿ ಚಾಸಿಸ್ ಮೇಲೆ ಕಟ್ಟಿದ ಗಾಡಿ ಅಲ್ಲಿದೆ. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಪ್ಪ ಒಂದು ನಿಮಿಷ ನೋಡಿ ಮುಂದೆ ಹೋದರು. ಅವರ ಕಣ್ಣು ಅಂಗಳದ ಮೇಲಿತ್ತು. ಆ ದಿನ ಹಳೇ ಲಾರಿ ಇಟ್ಟುಕೊಂಡವರು ತಮ್ಮ ತಮ್ಮ ಗಾಡಿ ತಂದು ಸಾಲಾಗಿ ನಿಲ್ಲಿಸಿದ್ದರು.

ಆ ಸಾಲು ನೋಡುವಂಥದ್ದು. ಲೇಲ್ಯಾಂಡ್‌ನವರು ಗಾಡಿಗಳಿಗೆ ಪ್ರಾಣಿಗಳ ಹೆಸರು ಇಡುತ್ತಿದ್ದರು. ಎಂಟು ಚಕ್ರದ್ದು ಆಕ್ಟೋಪಸ್, ಇನ್ನೊಂದು ಹಿಪ್ಪೋ, ಮತ್ತೊಂದು ಬೀವರ್. ಚೆಶೈರ್‌ನ ಸ್ಯಾಂಡ್‌ಬ್ಯಾಚ್‌ನಲ್ಲಿ ತಯಾರಾದ ಫೋಡನ್‌ಗಳಿದ್ದವು. ಅದರ ಪಕ್ಕದಲ್ಲೇ ಇಆರ್‌ಎಫ್. ಫೋಡನ್ ಮನೆತನದವರೇ ಆದ ಎಡ್ವಿನ್ ರಿಚರ್ಡ್ ಫೋಡನ್ ಆ ಕಂಪನಿಯಿಂದ ಹೊರಬಂದು, 1933ರಲ್ಲಿ ಅದೇ ಊರಲ್ಲಿ ಬೇರೆ ಲಾರಿ ಮಾಡಲು ಶುರುಮಾಡಿದರು. ಇಆರ್‌ಎಫ್ ಅಂದರೆ ಅವರ ಹೆಸರಿನ ಮೊದಲಕ್ಷರಗಳು. ಪಾಲಾದ ಅಣ್ಣತಮ್ಮಂದಿರ ಮನೆಗಳ ಹಾಗೆ ಎರಡೂ ಒಂದೇ ಊರಲ್ಲಿ ಬಾಳಿದವು.

ಕೊನೆಯಲ್ಲಿ ಒಂದು ಹಸಿರು ಗಾಡಿ ನಿಂತಿತ್ತು. ಅಪ್ಪ ಅದರ ಮುಂದೆ ನಿಂತುಬಿಟ್ಟರು. ಕಾಮೆಟ್.

ಇಂಗ್ಲೆಂಡಿನಲ್ಲಿ 1947ರಲ್ಲಿ ಬಂದ ಗಾಡಿ ಅದು. ನಾಲ್ಕೇ ವರ್ಷಕ್ಕೆ, 1951ರಲ್ಲಿ, ಮದರಾಸಿನ ಎಣ್ಣೂರಿನಲ್ಲಿ ಜೋಡಿಸಲು ಶುರುಮಾಡಿದರು. ಹಾಗೆ ಜೋಡಿಸಿದ ಮೊಟ್ಟಮೊದಲ 4 ಕಾಮೆಟ್ ಟಿಪ್ಪರ್‌ಗಳು ಹೋಗಿದ್ದು ಮಂಗಳೂರಿನ ಹೆಂಚಿನ ಕಾರ್ಖಾನೆಗೆ! ಇದನ್ನು ನಾನು ಎಂದೋ ಓದಿ ನೆನಪಿಟ್ಟುಕೊಂಡಿದ್ದೆ, ಅಪ್ಪನಿಗೆ ಅಲ್ಲೇ ಹೇಳಬೇಕು ಅಂತ. ಅಪ್ಪನ ಬದುಕೆಲ್ಲ ಅದೇ ದಾರಿಯಲ್ಲಿ ಕಳೆದಿತ್ತಲ್ಲ. ಹಾಸನದಿಂದ ಆಲೂಗಡ್ಡೆ ತುಂಬಿಕೊಂಡು ಶಿರಾಡಿ ಘಾಟಿ ಇಳಿಯುವುದು, ಮಂಗಳೂರಿಂದ ಹೆಂಚು ತುಂಬಿಕೊಂಡು ಹತ್ತುವುದು. ಹೇಳಿದೆ. "ಹೌದಾ?" ಅಂದರು. ಕೈ ಮಾತ್ರ ಗಾಡಿಯ ಬಾನೆಟ್ ಮೇಲೇ ಇತ್ತು, ದನದ ಮೈ ಸವರುವ ಹಾಗೆ.

ಗಾಡಿಯ ಯಜಮಾನರು ಎಂಬತ್ತು ದಾಟಿದವರು. ಹದಿನಾರಕ್ಕೆ ಕ್ಲೀನರ್ ಆಗಿ ಸೇರಿ, ಆಮೇಲೆ ನಲವತ್ತು ವರ್ಷ ಲಾರಿ ಓಡಿಸಿದವರು. ನಮ್ಮಪ್ಪನೂ ಡ್ರೈವರ್, ಕಾಮೆಟ್ ಓಡಿಸಿದವರು ಅಂದಿದ್ದೇ ತಡ, ಒಂದು ಸ್ಟೂಲ್ ತಂದು ಅಪ್ಪನನ್ನು ಕೂರಿಸಿದರು. ನಾನು ಮಧ್ಯೆ ನಿಂತು ಆ ಕಡೆಯದನ್ನು ಈ ಕಡೆ, ಈ ಕಡೆಯದನ್ನು ಆ ಕಡೆ ಹೇಳುತ್ತಾ ಹೋದೆ.

ಅವರ ತಂದೆಯೂ ಲಾರಿಯವರೇ. ಮೊದಲ ಮಹಾಯುದ್ಧ ಮುಗಿದಾಗ ಸೇನೆಯ ಲಾರಿಗಳನ್ನು ಮಾರಾಟಕ್ಕೆ ಬಿಟ್ಟರಂತೆ. ಯುದ್ಧದಿಂದ ಬಂದ ಹುಡುಗರು ಕೈಗೆ ಸಿಕ್ಕ ದುಡ್ಡಿನಲ್ಲಿ ಒಂದೊಂದು ಕೊಂಡು ಬಾಡಿಗೆಗೆ ಬಿಟ್ಟರು. ಬ್ರಿಟನ್ನಿನ ಎಷ್ಟೋ ಲಾರಿ ಕಂಪನಿಗಳು ಹುಟ್ಟಿದ್ದು ಹೀಗೆ. ನನಗೆ ಗದಗದ ನೆನಪಾಯಿತು. ವಿಜಯ ಸಂಕೇಶ್ವರ ಅವರು 1976ರಲ್ಲಿ ಅಲ್ಲಿ ಶುರುಮಾಡಿದ್ದೂ ಒಂದೇ ಲಾರಿಯಿಂದ ಅಲ್ವಾ?

ಎರಡನೇ ಮಹಾಯುದ್ಧದ ಮೇಲೆ ಕಥೆ ತಿರುಗಿತು. 1947ರ ಕಾನೂನಿನ ಪ್ರಕಾರ ದೂರದ ಸಾಗಾಟವನ್ನೆಲ್ಲ ಸರ್ಕಾರವೇ ವಹಿಸಿಕೊಂಡಿತು. ಬ್ರಿಟಿಷ್ ರೋಡ್ ಸರ್ವಿಸಸ್ ಅಂತ ಒಂದು ದೊಡ್ಡ ಸಂಸ್ಥೆ ಎದ್ದಿತು. ಉಳಿದ ಖಾಸಗಿ ಬಾಡಿಗೆ ಲಾರಿಯವರು ವಿಶೇಷ ಪರ್ಮಿಟ್ ಇಲ್ಲದೆ ತಮ್ಮ ಜಾಗದಿಂದ 25 ಮೈಲಿ ದಾಟುವ ಹಾಗಿರಲಿಲ್ಲ. ಈ ಹಿರಿಯರ ತಂದೆಯ 4 ಗಾಡಿಗಳೂ ಹೋದವು. ಪರಿಹಾರ ಸಿಕ್ಕಿತು, ಅದೇ ಡಿಪೋದಲ್ಲಿ ಕೆಲಸವೂ ಸಿಕ್ಕಿತು. ಆದರೆ ಬಾಗಿಲ ಮೇಲೆ ಚಿನ್ನದ ಬಣ್ಣದಲ್ಲಿ ಬರೆಸಿದ್ದ ಮನೆತನದ ಹೆಸರಿನ ಮೇಲೆ ಕೆಂಪು ಬಣ್ಣ ಬಳಿಯುವುದನ್ನು ಆಗಿನ್ನೂ ಮಗುವಾಗಿದ್ದ ಇವರು ನಿಂತು ನೋಡಿದ್ದರು. "ನಮ್ಮಪ್ಪ ಅವತ್ತು ಊಟ ಮಾಡಲಿಲ್ಲ" ಅಂದರು ಆ ಹಿರಿಯರು. ನಾನು ಅದನ್ನು ಕನ್ನಡದಲ್ಲಿ ಹೇಳುವ ಮೊದಲೇ ಅಪ್ಪನಿಗೆ ಅರ್ಥವಾಗಿತ್ತು. ಸರ್ಕಾರ ಬದಲಾದ ಮೇಲೆ 1953ರಲ್ಲಿ ಲಾರಿಗಳನ್ನು ಮತ್ತೆ ಮಾರಲು ಹೊರಟಾಗ, ಇವರ ತಂದೆಗೆ ಮತ್ತೆ ಕೊಳ್ಳುವ ವಯಸ್ಸು ದಾಟಿತ್ತು.

ಗಾಡಿಯ ಮೇಲಿನ ಹೆಸರು ಅಂದರೆ ಸುಮ್ನೆ ಅಲ್ಲ. ಕಾರ್ಲೈಲ್ ಊರಿನ ರಾಬ್ಸನ್ಸ್ ಕಂಪನಿಯಲ್ಲಿ ಪ್ರತಿ ಲಾರಿಗೂ 'ಬಾರ್ಡರ್' ಅಂತ ಶುರುವಾಗುವ ಒಂದು ಹೆಸರು ಇರುತ್ತಿತ್ತು. ಎಡ್ಡಿ ಸ್ಟೋಬಾರ್ಟ್ ಕಂಪನಿಯಲ್ಲಿ ಹೆಣ್ಣುಮಕ್ಕಳ ಹೆಸರು, ಮೊದಲನೆಯದು ಟ್ವಿಗ್ಗಿ. ಆ ಮಾತು ಬಂದಾಗ ಅಪ್ಪ ಜೇಬಿನಿಂದ ಪರ್ಸ್ ತೆಗೆದು ಮಡಚಿದ ಒಂದು ಫೋಟೋ ತೋರಿಸಿದರು. ಗಾಜಿನ ಮೇಲೆ 'ಶ್ರೀ ಕೆಂಪಮ್ಮ ದೇವಿ ಪ್ರಸನ್ನ'. ಅದರ ಕೆಳಗೆ ಚಿಕ್ಕದಾಗಿ ನನ್ನ ಹೆಸರು. ಆ ಫೋಟೋ ಅವರ ಪರ್ಸಿನಲ್ಲಿ ಇರುವುದು ನನಗೇ ಗೊತ್ತಿರಲಿಲ್ಲ.

ಆಮೇಲೆ ಹಿರಿಯರು ಎದ್ದು ಗಾಡಿಯ ಹಿಂದಿನಿಂದ ಒಂದು ಸುತ್ತು ಹಗ್ಗ ತಂದರು. ಈಗಿನ ಡ್ರೈವರ್‌ಗಳು ಬೆಲ್ಟ್ ಹಾಕಿ ಬಿಗಿಯುತ್ತಾರೆ. ಆಗೆಲ್ಲ ಟಾರ್ಪಾಲು ಹೊದಿಸಿ, ಹಗ್ಗದಲ್ಲೇ ಲೋಡು ಕಟ್ಟಬೇಕಿತ್ತು. ಅವರು ಹಗ್ಗವನ್ನು ಲೋಡಿನ ಮೇಲಿಂದ ಕೆಳಗೆ ಬಿಟ್ಟರು. ಎದೆಯ ಮಟ್ಟದಲ್ಲಿ ಒಂದು ಕುಣಿಕೆ ಮಾಡಿ, ಎರಡು ಸುತ್ತು ತಿರುಚಿದರು. ಕೆಳಗಿನ ಹಗ್ಗವನ್ನು ಮಡಚಿ ಅದರೊಳಗೆ ತೂರಿಸಿದರು. ಕೆಳಗೆ ಉಳಿದ ಮಡಿಕೆಯನ್ನು ಲಾರಿಯ ಅಂಚಿನ ಕೊಕ್ಕೆಗೆ ಸಿಕ್ಕಿಸಿ, ಮೈಭಾರವೆಲ್ಲ ಬಿಟ್ಟು ಜಗ್ಗಿದರು. ಹಗ್ಗ ತಂತಿಯ ಹಾಗೆ ಬಿಗಿಯಿತು. ಇದಕ್ಕೆ ಇಲ್ಲಿ 'ಡಾಲಿ' ಅನ್ನುತ್ತಾರೆ. ಇದು ಕೈಗೆ ಹತ್ತದವನನ್ನು ಯಾರೂ ಡ್ರೈವರ್ ಅಂತ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲವಂತೆ.

ಅಪ್ಪ ಸ್ಟೂಲಿನಿಂದ ಎದ್ದರು. ಪಕ್ಕದ ಕೊಕ್ಕೆಯಲ್ಲಿ ಇನ್ನೊಂದು ಹಗ್ಗ ಇಳಿಬಿಟ್ಟಿತ್ತು. ಅದನ್ನು ಹಿಡಿದು, ಕುಣಿಕೆ ಮಾಡಿ, ತಿರುಚಿ, ತೂರಿಸಿ, ಎಳೆದರು. ಅದೇ ಗಂಟು. ಮೊಣಕೈ ಸ್ವಲ್ಪ ನಡುಗಿತು, ಗಂಟು ಮಾತ್ರ ಒಂದು ಚೂರೂ ಜಾರಲಿಲ್ಲ. ಹಿರಿಯರು ಎರಡೂ ಹಗ್ಗವನ್ನು ಬೆರಳಿನಿಂದ ಮೀಟಿ ನೋಡಿ, ಅಪ್ಪನ ಬೆನ್ನು ತಟ್ಟಿದರು.

"ಹೆಂಚಿನ ಲೋಡು ಕಣಮ್ಮ. ಹಗ್ಗ ಸಡಿಲ ಆದ್ರೆ ಗುಂಡ್ಯ ದಾಟೋದ್ರೊಳಗೆ ಅರ್ಧ ಪುಡಿ. ಅವರಿಗೆ ಹೇಳು" ಅಂದರು ಅಪ್ಪ. ಹೇಳಿದೆ. ಆ ಹಿರಿಯರು ಗಾಜಿನ ಬಾಟಲಿಗಳ ಲೋಡಿನ ಕಥೆ ತೆಗೆದರು. ಒಂದೂವರೆ ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ.

ಹೊರಡುವಾಗ ಅವರೇ ಹೇಳಿದರು, ಶಾಪ್‌ಗೆ ಕರೆದುಕೊಂಡು ಹೋಗಿ ಅಂತ. ಅದು ಅಂಗಡಿಯಲ್ಲ, ಬೆಟ್ಟದ ಹೆಸರು. ಲಂಡನ್, ಮ್ಯಾಂಚೆಸ್ಟರ್ ಕಡೆಯಿಂದ ಸ್ಕಾಟ್ಲೆಂಡಿಗೆ ಹೋಗುವ ಲಾರಿಗಳಿಗೆ ಹಿಂದೆ ಅದೇ ಘಾಟಿ. ಊಟ ಮುಗಿಸಿ ಎಂ6 ಹಿಡಿದು ಉತ್ತರಕ್ಕೆ ಹೊರಟೆವು. ಪ್ರೆಸ್ಟನ್ ಪಕ್ಕದಲ್ಲಿ ಹಾದುಹೋಗುವ ತುಂಡು ಬ್ರಿಟನ್ನಿನ ಮೊಟ್ಟಮೊದಲ ಮೋಟಾರ್‌ವೇ, 1958ರದ್ದು. ಅದಕ್ಕೆ ಒಂದು ವರ್ಷ ಮುಂಚೆಯವರೆಗೂ ಭಾರೀ ಲಾರಿಗಳಿಗೆ ಕಾನೂನು ಬಿಟ್ಟಿದ್ದ ವೇಗ ಗಂಟೆಗೆ 20 ಮೈಲಿ, ಅಂದರೆ 32 ಕಿಲೋಮೀಟರ್. ಆ ವೇಗದಲ್ಲಿ ರಾತ್ರಿಯಿಡೀ ಓಡಿಸಿ, ಹೀಟರ್ ಇಲ್ಲದ ಕ್ಯಾಬಿನ್ನಿನಲ್ಲಿ ಮೊಣಕಾಲಿಗೆ ಗೋಣಿಚೀಲ ಸುತ್ತಿಕೊಂಡು ಕೂರುತ್ತಿದ್ದೆವು ಅಂತ ಆ ಹಿರಿಯರು ಹೇಳಿದ್ದು ದಾರಿಯುದ್ದಕ್ಕೂ ನೆನಪಾಗುತ್ತಿತ್ತು.

ಹಳೇ ಎ6 ರಸ್ತೆಗೆ ತಿರುಗಿದೆವು. ಮರವಿಲ್ಲದ ಬೋಳು ಬೆಟ್ಟ, ಕಲ್ಲಿನ ಗೋಡೆ, ಕುರಿ. ಸುಮಾರು 1400 ಅಡಿ ಎತ್ತರದಲ್ಲಿ ರಸ್ತೆ ಪಕ್ಕ ಒಂದು ಸ್ಮಾರಕ ಕಲ್ಲಿದೆ. ಮೋಟಾರ್‌ವೇ ಬರುವ ಮೊದಲು ಈ ಕಷ್ಟದ ದಾರಿಯಲ್ಲಿ ಗಾಡಿ ಓಡಿಸಿದ ಡ್ರೈವರ್‌ಗಳ ನೆನಪಿಗೆ ನಿಲ್ಲಿಸಿದ್ದು. ರಸ್ತೆ ಮಾಡಿದವರನ್ನೂ ನೆನೆದಿದ್ದಾರೆ. ಹವಾಮಾನ ಕೆಟ್ಟು ಸಿಕ್ಕಿಹಾಕಿಕೊಂಡವರಿಗೆ ಊಟ, ಜಾಗ ಕೊಟ್ಟ ಸುತ್ತಲಿನ ಜನರನ್ನೂ. ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ಗಾಳಿ ಜೋರಾಗಿತ್ತು, ಅಪ್ಪನ ಕಿವಿಯ ಹತ್ತಿರ ಹೋಗಿ ಹೇಳಬೇಕಾಯಿತು.

ಅಪ್ಪ ಮಫ್ಲರ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. "ಮಾರನಹಳ್ಳಿ ಹತ್ರ ಗುಡ್ಡ ಕುಸಿದಾಗ ಎರಡು ದಿವ್ಸ ನಿಂತಿದ್ದೆ. ಒಬ್ಬ ಅಜ್ಜಿ ಮಳೇಲಿ ಗಂಜಿ ತಂದು ಕೊಟ್ಟಳು. ಸಾಲಾಗಿ ನಿಂತ ಎಲ್ಲಾ ಗಾಡಿಗೂ ಕೊಟ್ಟಳು. ಹೆಸರು ಕೇಳ್ಲಿಲ್ಲ ನಾನು" ಅಂದರು. ಕಲ್ಲಿನ ಮೇಲಿನ ಕೊನೆಯ ಸಾಲನ್ನು ಇನ್ನೊಂದು ಸಲ ಹೇಳು ಅಂದರು. ಹೇಳಿದೆ.

ಸಂಜೆ ಇಳಿಜಾರಿನಲ್ಲಿ ವಾಪಸು ಬರುವಾಗ ಅಪ್ಪ ಮಾತಾಡಲಿಲ್ಲ. ನಿದ್ದೆ ಬಂದಿರಬೇಕು ಅಂದುಕೊಂಡೆ. ಒಂದು ತಿರುವು ಬಂತು, ನಾನು ಬ್ರೇಕ್ ಒತ್ತಿದೆ. ಪಕ್ಕದ ಸೀಟಿನಲ್ಲಿ ಅಪ್ಪನ ಎಡಗಾಲು ಕಾರಿನ ನೆಲವನ್ನು ಒಮ್ಮೆ ಒತ್ತಿತು, ಎದ್ದಿತು, ಇನ್ನೊಮ್ಮೆ ಒತ್ತಿತು. ಡಬಲ್ ಕ್ಲಚ್. ಎಡಗೈ ತೊಡೆಯ ಮೇಲೆ ಇಲ್ಲದ ಗೇರನ್ನು ಹಿಂದಕ್ಕೆ ಎಳೆಯಿತು.

"ಸೆಕೆಂಡಲ್ಲಿ ಇಳೀಬೇಕಮ್ಮ ಇದನ್ನ" ಅಂದರು.

ನಾನು ಗೇರು ಇಳಿಸಿದೆ.