ಪಿರಮಿಡೆನ್‌ನ ಕಿಟಕಿಗಳು

2019 ಜುಲೈ 14, ಭಾನುವಾರ
ಲಾಂಗಿಯರ್‌ಬ್ಯೆನ್, ಸ್ವಾಲ್ಬಾರ್ಡ್

ರಾತ್ರಿ ಹನ್ನೊಂದೂವರೆ, ಹೊರಗೆ ಬಿಸಿಲು. ಉತ್ತರ ಧ್ರುವದ ಹತ್ತಿರದ ಈ ನಾರ್ವೆ ದ್ವೀಪಗಳಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಪರದೆ ಎಳೆದರೂ ನಿದ್ದೆ ಹತ್ತುತ್ತಿಲ್ಲ. ಅದಕ್ಕೇ ಬರೆಯಲು ಕೂತೆ.

ಇವತ್ತು ಬೋಟಿನಲ್ಲಿ, ಜನ ಬಿಟ್ಟುಹೋದ ಊರು ಪಿರಮಿಡೆನ್‌ಗೆ ಹೋಗಿದ್ದೆ. ಹಿಂದಿನ ಬೆಟ್ಟದ ತುದಿ ಪಿರಮಿಡ್ ತರಹ ಇದೆ, ಹೆಸರು ಬಂದದ್ದು ಅದರಿಂದ. 1910ರಲ್ಲಿ ಸ್ವೀಡನ್ನಿನವರು ಶುರು ಮಾಡಿದ ಕಲ್ಲಿದ್ದಲು ಊರು. 1927ರಲ್ಲಿ ಸೋವಿಯತ್ ಒಕ್ಕೂಟ ಕೊಂಡಿತು, ಆಮೇಲೆ ಅರ್ಕ್ತಿಕುಗೋಲ್ ಅನ್ನುವ ಸರ್ಕಾರಿ ಕಂಪನಿ ನಡೆಸಿತು. ನಾರ್ವೆಯ ನೆಲದಲ್ಲಿ ಸೋವಿಯತ್ ಊರು! ಸ್ವಾಲ್ಬಾರ್ಡ್ ಬಗ್ಗೆ 1920ರಲ್ಲಿ ಆದ ಒಪ್ಪಂದದ ಪ್ರಕಾರ ಸಹಿ ಹಾಕಿದ ದೇಶದವರೆಲ್ಲ ಇಲ್ಲಿ ಗಣಿ ತೋಡಬಹುದು.

ಇಳಿದ ಕೂಡಲೇ ಗೈಡ್ ರೈಫಲ್ ಹೆಗಲಿಗೇರಿಸಿದ. ಹಿಮಕರಡಿ ಬರಬಹುದು, ಗುಂಪು ಬಿಡಬೇಡಿ ಅಂದ.

ನಾನು ಮುರಿದುಬಿದ್ದ ಊರು ನೋಡುತ್ತೇನೆ ಅಂದುಕೊಂಡಿದ್ದೆ. ಹಾಗೇನಿಲ್ಲ. ಈ ಚಳಿಯಲ್ಲಿ ಯಾವುದೂ ಬೇಗ ಕೊಳೆಯುವುದಿಲ್ಲ ಅಲ್ವಾ, ಇಟ್ಟಿಗೆಯ ಕಟ್ಟಡಗಳು ಸುಮ್ನೆ ನಿಂತಿವೆ, ಚೌಕದ ತುದಿಯಲ್ಲಿ ಲೆನಿನ್ ತಲೆಯ ಪ್ರತಿಮೆ ಇನ್ನೂ ಆಚೆ ದಡದ ಹಿಮನದಿಯನ್ನೇ ನೋಡುತ್ತಿದೆ, ಅವನ ಮುಂದೆ ಹಸಿರು ಹುಲ್ಲು. ಹುಲ್ಲಿಗಾಗಿಯೇ ಹಡಗಿನಲ್ಲಿ ಮಣ್ಣು ತರಿಸಿದ್ದರಂತೆ. ಕಲ್ಲಿದ್ದಲು ಸಾಗಿಸುವ ಕಂಪನಿ ಮಣ್ಣು ತರಿಸಿದ್ದು! ಬಿಸಿನೀರಿನ ಈಜುಕೊಳವೂ ಇತ್ತು. ಸಾಂಸ್ಕೃತಿಕ ಭವನದಲ್ಲಿ ಒಂದು ಪಿಯಾನೋ ಇದೆ. ನಾನೂ ಒಂದು ಕೀ ಒತ್ತಿದೆ. ಒಳಗೆ ಹೋದ ಕೀ ಮೇಲೆ ಬರಲೇ ಇಲ್ಲ. ಗೈಡ್ ನೋಡಲಿಲ್ಲ ಅನ್ನಿಸುತ್ತೆ.

ಗಂಡಸರ ವಸತಿಗೃಹಕ್ಕೆ ಲಂಡನ್ ಅನ್ನುತ್ತಿದ್ದರು, ಹೆಂಗಸರದ್ದಕ್ಕೆ ಪ್ಯಾರಿಸ್. ಸಂಸಾರಸ್ಥರದು ಹುಚ್ಚರ ಮನೆ, ಮಕ್ಕಳ ಗಲಾಟೆಗೆ. 1980ರ ದಶಕದಲ್ಲಿ ಸಾವಿರಕ್ಕೂ ಜಾಸ್ತಿ ಜನ ಇದ್ದರು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಹಣ ಬರುವುದು ಕಮ್ಮಿಯಾಯಿತು. 1996ರ ಆಗಸ್ಟ್‌ನಲ್ಲಿ ಗಣಿ ಕೆಲಸಗಾರರನ್ನೂ ಅವರ ಮನೆಯವರನ್ನೂ ಕರೆತರುತ್ತಿದ್ದ ವಿಮಾನ ಲಾಂಗಿಯರ್‌ಬ್ಯೆನ್ ಹತ್ತಿರ ಬೆಟ್ಟಕ್ಕೆ ಬಡಿದು 141 ಜನರೂ ಸತ್ತರು. 1998ರ ಮಾರ್ಚ್ 31ಕ್ಕೆ ಗಣಿ ನಿಂತಿತು, ಆ ವರ್ಷವೇ ಜನ ಹೊರಟರು. ಕಂಪನಿ ಇದ್ದರೆ ಊಟ, ಕರೆಂಟ್, ಶಾಲೆ. ಕಂಪನಿ ಹೋಯಿತು, ಉಳಿಯಲು ಯಾರಿಗೂ ಕಾರಣವೇ ಇರಲಿಲ್ಲ. ಈಗ ಹೋಟೆಲ್ ನಡೆಸುವ ನಾಲ್ಕಾರು ಮಂದಿ ಇದ್ದಾರೆ ಅಷ್ಟೇ.

ಆದರೆ ಊರು ಮೌನವಾಗಿತ್ತು ಅಂತ ಬರೆದರೆ ಸುಳ್ಳಾಗುತ್ತೆ. ಒಂದು ವಸತಿ ಕಟ್ಟಡದ ಕಿಟಕಿ ಕಟ್ಟೆಗಳ ಮೇಲೆಲ್ಲ ಕಿಟ್ಟಿವೇಕ್ ಅನ್ನುವ ಕಡಲಹಕ್ಕಿಗಳ ಗೂಡು. ಒಂದೊಂದು ಕಿಟಕಿಗೂ ಒಂದೊಂದು ಸಂಸಾರ, ಮಾತು ಕೇಳಿಸದಷ್ಟು ಕಿರುಚಾಟ. ಫೋಟೋಗೆಂದು ಕೆಳಗೆ ನಿಂತೆ, ಹೆಗಲ ಮೇಲೆ ಬಿಳಿಯದೊಂದು ಬಿತ್ತು. ಗೈಡ್ ನಕ್ಕ, ಅವನು ದೂರ ನಿಂತಿದ್ದ.

ಜಾಕೆಟ್ ಎರಡು ಸಲ ತೊಳೆದು ಬಾತ್‌ರೂಮಿನಲ್ಲಿ ನೇತುಹಾಕಿದ್ದೇನೆ. ಮೀನಿನ ವಾಸನೆ ಇನ್ನೂ ಹೋಗಿಲ್ಲ.