ಎಲ್ಲದರ ಹಿಂದೆಯೂ ಸಂಚು ಇದೆಯಾ?

"ಯಾವ ವಸ್ತು ನೋಡಿದರೂ ಅದರ ಹಿಂದೆ ಏನೋ ಇದೆ ಅಂತೀರಲ್ಲ, ಎಲ್ಲವೂ ಸಂಚು ಅಂತಾನಾ ನಿಮ್ಮ ಮಾತು?"

ಜನ ಯಾಕೆ ಕೊಳ್ಳುತ್ತಾರೆ, ಕೊಂಡದ್ದು ಎಲ್ಲಿಂದ ಬರುತ್ತದೆ ಅಂತ ಬರೆಯಲು ಶುರು ಮಾಡಿದಾಗಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಸ್ನೇಹಿತರು ಕೇಳುತ್ತಾರೆ, ಓದುಗರು ಕೇಳುತ್ತಾರೆ, ಮನೆಯವರೂ ಕೇಳುತ್ತಾರೆ. ಕೆಲವರಿಗೆ ನಿಜವಾಗಿಯೂ ಕಳವಳ, ಹೀಗೇ ಹೋದರೆ ಇವರು ಯಾರನ್ನೂ ನಂಬದ ಹಾಗಾಗುತ್ತಾರೆ ಅಂತ. ಅದಕ್ಕೇ ಒಮ್ಮೆ ಕೂತು ಸಮಾಧಾನವಾಗಿ ಉತ್ತರ ಬರೆಯೋಣ ಅನ್ನಿಸಿತು.

ಸಂಚು ನಡೆದದ್ದು ಉಂಟು. ಆದರೆ ನನ್ನನ್ನು ಕಾಡುವುದು ಅದಲ್ಲ. ಒಂದು ವಸ್ತು ನಮ್ಮ ಕೈಗೆ ಬರುವ ಹೊತ್ತಿಗೆ, ಅದನ್ನು ಯಾರು ಮಾಡಿದರು, ಅದಕ್ಕಾಗಿ ಏನೇನು ಹೋಯಿತು ಅನ್ನುವ ಗುರುತೆಲ್ಲ ಅಳಿಸಿಹೋಗಿರುತ್ತದೆ. ಯಾರೂ ಬೇಕಂತಲೇ ಬಚ್ಚಿಡಬೇಕಾಗಿಲ್ಲ. ದೂರವೇ ಆ ಕೆಲಸ ಮಾಡಿಬಿಡುತ್ತದೆ.

ನಾನೀಗ ತೊಟ್ಟಿರುವ ಅಂಗಿಯನ್ನೇ ನೋಡಿ. ಹೋದ ತಿಂಗಳು ಇದರ ಕಾಲರ್ ಮಡಿಕೆಯ ಹತ್ತಿರ ಸವೆದು ಹರಿಯಿತು. ಉಳಿದ ಅಂಗಿ ಗಟ್ಟಿಮುಟ್ಟಾಗಿತ್ತು. ಕಾಲರ್ ಬಿಚ್ಚಿ, ತಿರುಗಿಸಿ ಹೊಲಿದರೆ ಇನ್ನೂ ಎರಡು ವರ್ಷ ಬರುತ್ತದೆ ಅಂತ ಸಣ್ಣ ಕತ್ತರಿ ಹಿಡಿದು ಕೂತೆ. ಹೊಲಿಗೆ ಎಷ್ಟು ಸಣ್ಣದು, ಎಷ್ಟು ಒತ್ತಾಗಿ ಹಾಕಿದ್ದು ಅಂದರೆ, ಅರ್ಧ ಬಿಚ್ಚುವುದರಲ್ಲಿ ಮುಕ್ಕಾಲು ಗಂಟೆ ಆಯಿತು. ಕಾಲರ್ ಪಟ್ಟಿ ಕುತ್ತಿಗೆಗೆ ಸೇರುವ ಕಡೆ ಒಂದು ಜಾಗದಲ್ಲಿ ದಾರ ತುಂಡಾಗಿತ್ತು. ಅಲ್ಲಿ ಯಾರೋ ಬಟ್ಟೆಯನ್ನು ಸ್ವಲ್ಪ ಹಿಂದಕ್ಕೆ ಎಳೆದು, ಹಳೆ ಹೊಲಿಗೆಯ ಮೇಲೇ ನಾಲ್ಕು ಹೊಲಿಗೆ ಹಾಕಿ, ಮುಂದೆ ಹೋಗಿದ್ದರು. ನನ್ನ ಕೈ ನಿಂತುಬಿಟ್ಟಿತು. ಬಟ್ಟೆಯನ್ನು ಮನುಷ್ಯರೇ ಹೊಲಿಯುತ್ತಾರೆ ಅಂತ ಯಾರಿಗೆ ಗೊತ್ತಿಲ್ಲ? ಆದರೆ ಒಬ್ಬರ ಕೈ ನನಗೆ ಕಂಡದ್ದು ಆ ಕ್ಷಣದಲ್ಲೇ. ಎರಡು ವರ್ಷದಿಂದ ಆ ನಾಲ್ಕು ಹೊಲಿಗೆ ನನ್ನ ಕುತ್ತಿಗೆಗೆ ತಾಗಿಕೊಂಡೇ ಇತ್ತು.

ಪಕ್ಕದ ಹೊಲಿಗೆಯಲ್ಲಿ ಒಂದು ಲೇಬಲ್ ಇದೆ. ಹೇಗೆ ಒಗೆಯಬೇಕು, ಎಷ್ಟು ಬಿಸಿ ಇಸ್ತ್ರಿ ತಾಳುತ್ತದೆ ಅಂತೆಲ್ಲ ಇದೆ. ಒಂದು ದೇಶದ ಹೆಸರೂ ಇದೆ. ಸಾಮಾನ್ಯವಾಗಿ ಅದು ಬಟ್ಟೆ ಹೊಲಿದ ದೇಶ, ಅಷ್ಟೇ. ಹತ್ತಿ ಬೆಳೆದ ಹೊಲ, ನೂಲು ತೆಗೆದ ಗಿರಣಿ, ಬಣ್ಣ ಹಾಕಿದ ಜಾಗ ಬೇರೆ ಬೇರೆ ದೇಶಗಳಲ್ಲಿ ಇರಬಹುದು. ಅವಕ್ಕೆ ಲೇಬಲ್ಲಿನಲ್ಲಿ ಜಾಗ ಇಲ್ಲ.

ಇಂಥ ಚಿಕ್ಕ ಲೇಬಲ್ಲಿಗಾಗಿ ಜನ ಕಲ್ಲುಮಣ್ಣಿನ ರಾಶಿ ಕೆದಕಿದ್ದಾರೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಹತ್ತಿರದ ಸಾವರ್‌ನಲ್ಲಿ ರಾಣಾ ಪ್ಲಾಜಾ ಅನ್ನುವ ಎಂಟು ಅಂತಸ್ತಿನ ಕಟ್ಟಡ ಕುಸಿಯಿತು. ಒಳಗೆ ಐದು ಗಾರ್ಮೆಂಟ್ಸ್ ಇದ್ದವು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿದ್ದ ಬ್ಯಾಂಕು ಬಾಗಿಲು ಹಾಕಿತು. ಹೊಲಿಯುವವರನ್ನು ಮಾತ್ರ ಮರುದಿನ ಕೆಲಸಕ್ಕೆ ಕರೆದರು. 1,100ಕ್ಕೂ ಜಾಸ್ತಿ ಜನ ಸತ್ತರು. ಅಲ್ಲಿ ಯಾವ ಯಾವ ಕಂಪನಿಗಳ ಬಟ್ಟೆ ಹೊಲಿಯುತ್ತಿದ್ದರು ಅಂತ ತೋರಿಸಲು ಕಾರ್ಮಿಕರ ಪರ ಇದ್ದವರು ಆ ಅವಶೇಷದೊಳಗೆ ಲೇಬಲ್ ಹುಡುಕಬೇಕಾಯಿತು. ನಮ್ಮ ಬಟ್ಟೆ ಅಲ್ಲಿ ಹೊಲಿಯುತ್ತಾರೆ ಅನ್ನುವುದೇ ಗೊತ್ತಿರಲಿಲ್ಲ ಅಂದ ಕಂಪನಿಗಳೂ ಇದ್ದವು. ಗುತ್ತಿಗೆ, ಒಳಗುತ್ತಿಗೆ ಅಂತ ಕೈ ಬದಲಾಗುತ್ತಾ ಹೋದರೆ ಅದೂ ನಿಜವೇ ಇರಬಹುದು. ನನಗೆ ಭಯ ಹುಟ್ಟಿಸುವುದು ಆ ಮಾತು ನಿಜ ಆಗಿರಬಹುದು ಅನ್ನುವುದೇ.

ಹತ್ತಿಯ ಎಳೆ ಹಿಡಿದು ಹೋದರೆ ಇನ್ನೊಂದು ಕಡೆ ಮುಟ್ಟುತ್ತೇವೆ. 1960ರಲ್ಲಿ ಮಧ್ಯ ಏಷ್ಯಾದ ಅರಾಲ್ ಸಮುದ್ರ ಜಗತ್ತಿನ ನಾಲ್ಕನೇ ದೊಡ್ಡ ಸರೋವರ. ಅದಕ್ಕೆ ನೀರು ತರುತ್ತಿದ್ದ ಅಮು ದರಿಯಾ, ಸಿರ್ ದರಿಯಾ ನದಿಗಳನ್ನು ಹೆಚ್ಚಾಗಿ ಹತ್ತಿ ಹೊಲಗಳಿಗೆ ತಿರುಗಿಸಿದರು. ಸರೋವರದ ಬಹುಪಾಲು ಒಣಗಿತು. ಉಜ್ಬೇಕಿಸ್ತಾನದ ಮೊಯ್ನಾಕ್ ಒಂದು ಕಾಲಕ್ಕೆ ಮೀನುಗಾರರ ಬಂದರು, ಈಗ ಅಲ್ಲಿ ಹಡಗುಗಳು ಮರಳಿನ ಮೇಲೆ ತುಕ್ಕು ಹಿಡಿಯುತ್ತಾ ನಿಂತಿವೆ. ಇದನ್ನು ಮಾಡಿದ್ದು ಲಾಭಕೋರ ಕಂಪನಿಯಲ್ಲ, ಸೋವಿಯತ್ ಸರ್ಕಾರ. ಅದೂ ಕದ್ದುಮುಚ್ಚಿ ಅಲ್ಲ, ಹಾಡುಹಗಲೇ. ಎಲ್ಲ ತಪ್ಪನ್ನೂ ಮಾರುಕಟ್ಟೆಯ ತಲೆಗೆ ಕಟ್ಟುವವರು ಇದನ್ನೂ ನೆನಪಿಡಬೇಕು ಅಂತ ನನ್ನ ಆಸೆ.

ಹಾಗಾದರೆ ನಿಜವಾದ ಸಂಚು? ಅದೂ ಇದೆ. 1924ರಲ್ಲಿ ಜಗತ್ತಿನ ದೊಡ್ಡ ದೊಡ್ಡ ಬಲ್ಬು ಕಂಪನಿಗಳು ಜಿನೀವಾದಲ್ಲಿ ಸೇರಿ ಫೀಬಸ್ ಅನ್ನುವ ಕೂಟ ಕಟ್ಟಿದವು. ಒಸ್ರಾಮ್, ಫಿಲಿಪ್ಸ್ ಅದರಲ್ಲಿದ್ದವು. ಬಲ್ಬಿನ ಆಯಸ್ಸು 1,000 ಗಂಟೆ ಅಂತ ಗೊತ್ತು ಮಾಡಿದರು. ಅದಕ್ಕಿಂತ ಹೆಚ್ಚು ಹೊತ್ತು ಉರಿಯುವ ಬಲ್ಬು ಮಾಡಿದವರಿಗೆ ದಂಡ! ಇದು ಗಾಳಿಮಾತಲ್ಲ, ದಾಖಲೆ ಇದೆ. ಆದರೆ ಇನ್ನೊಂದು ಮಾತೂ ಹೇಳಬೇಕು. ಹಳೆ ತಂತಿ ಬಲ್ಬುಗಳಲ್ಲಿ ಆಯಸ್ಸು ಹೆಚ್ಚಿಸಿದರೆ ಅದೇ ಕರೆಂಟಿಗೆ ಬೆಳಕು ಕಡಿಮೆ ಬರುತ್ತಿತ್ತು. ಹಾಗಾಗಿ 1,000 ಗಂಟೆಯನ್ನು ಸಮರ್ಥಿಸಿದವರ ಮಾತಿನಲ್ಲೂ ಹುರುಳಿತ್ತು. ದಂಡಕ್ಕೆ ಮಾತ್ರ ನನ್ನ ಹತ್ತಿರ ಕ್ಷಮೆ ಇಲ್ಲ. ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ಒಂದು ಸಂಚು ಸಾಬೀತಾಯಿತು ಅಂತ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿದರೆ ನಿಜವಾದದ್ದೂ ಕೈತಪ್ಪಿ ಹೋಗುತ್ತದೆ.

ಆಸೆ ಹುಟ್ಟಿಸುವ ಕೆಲಸವೂ ಹೀಗೆ ಮರೆಯಲ್ಲಿ ನಡೆದದ್ದಿದೆ. 1929ರಲ್ಲಿ ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ಹೆಂಗಸರು ಸ್ವಾತಂತ್ರ್ಯದ ಗುರುತು ಅಂತ ಸಿಗರೇಟು ಹಚ್ಚಿದರು. ಅದನ್ನು ಏರ್ಪಾಡು ಮಾಡಿದ್ದು ಸಿಗರೇಟು ಕಂಪನಿಯ ಪರ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಬರ್ನೇಸ್. ನೋಡಿದವರಿಗೆ ಅದು ಹೋರಾಟ, ಕಂಪನಿಗೆ ಜಾಹೀರಾತು.

ಇಷ್ಟು ಹೇಳಿದ ಮೇಲೆ ಎರಡನೇ ಪ್ರಶ್ನೆ ಬಂದೇ ಬರುತ್ತದೆ: "ಹಾಗಾದ್ರೆ ಏನೂ ಕೊಳ್ಳೋದೇ ಬೇಡ್ವಾ?" ಬೇಡ ಅಂತ ನಾನು ಹೇಳುವುದಿಲ್ಲ. ನಾವೆಲ್ಲ ನಾಳೆ ಬಟ್ಟೆ ಕೊಳ್ಳುವುದು ನಿಲ್ಲಿಸಿದರೆ ಮೊದಲು ಹೊಟ್ಟೆಗೆ ಪೆಟ್ಟು ಬೀಳುವುದು ಆ ಹೊಲಿಯುವವರಿಗೇ ಅಲ್ವಾ? ರಾಣಾ ಪ್ಲಾಜಾ ಆದ ಮುಂದಿನ ತಿಂಗಳೇ ಬಟ್ಟೆ ಕಂಪನಿಗಳು ಮತ್ತು ಕಾರ್ಮಿಕ ಸಂಘಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಕಾನೂನಿಗೆ ಕಟ್ಟುಬಿದ್ದ ಒಪ್ಪಂದ. ಕ್ರಮೇಣ 200ಕ್ಕೂ ಹೆಚ್ಚು ಕಂಪನಿಗಳು ಸೇರಿದವು. ಕಾರ್ಖಾನೆಗಳ ಕಂಬ, ವೈರಿಂಗು, ಬೆಂಕಿ ಬಿದ್ದರೆ ಹೊರಗೆ ಓಡುವ ದಾರಿ ಎಲ್ಲವನ್ನೂ ತಪಾಸಣೆ ಮಾಡಿದರು. ಕೊಳ್ಳುವ ಕಂಪನಿ ಯಾವುದು, ಹೊಲಿಯುವ ಕಟ್ಟಡ ಯಾವುದು ಅಂತ ಕಾಗದದ ಮೇಲೆ ಬಂದಾಗಲೇ ಇದು ಸಾಧ್ಯವಾಯಿತು. ಈಗ ಎಷ್ಟೋ ಕಂಪನಿಗಳು ತಮ್ಮ ಬಟ್ಟೆ ಎಲ್ಲೆಲ್ಲಿ ಹೊಲಿಸುತ್ತೇವೆ ಅನ್ನುವ ಪಟ್ಟಿಯನ್ನು ತಾವೇ ಪ್ರಕಟಿಸುತ್ತವೆ. ನಾನು ಕೊಳ್ಳುವ ಮೊದಲು ಆ ಪಟ್ಟಿ ಹುಡುಕುತ್ತೇನೆ. ಸಿಗದಿದ್ದರೆ ಕಂಪನಿಗೇ ಬರೆದು ಕೇಳುತ್ತೇನೆ. ಉತ್ತರ ಬರದಿದ್ದರೆ ಮತ್ತೆ ಕೇಳುತ್ತೇನೆ.

ಕಾಲರ್ ತಿರುಗಿಸಿ ಹೊಲಿದದ್ದಾಯಿತು. ಹರಿದ ಭಾಗ ಈಗ ಒಳಗೆ ಹೋಗಿದೆ, ಹೊರಗೆ ಹೊಸ ಬಟ್ಟೆಯ ಹಾಗೆ ಕಾಣುತ್ತದೆ. ಪಟ್ಟಿಯ ಮೇಲಿನ ಆ ನಾಲ್ಕು ಹೊಲಿಗೆಯನ್ನು ನಾನು ಬಿಚ್ಚಲಿಲ್ಲ.